ನಮ್ಮ ಮನೆ ಮೂರು ತಿಂಗಳು ಮಲಯಾಳ ಮಾತಾಡಿದ್ದು

ನನ್ನ ಮಗಳಿಗೆ ಮೂರೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಪೂರ್ತಿ ಮೌನವೇನೂ ಅಲ್ಲ. ‘ಉಂ’ ಎನ್ನುತ್ತಿದ್ದಳು, ‘ಆ’ ಎನ್ನುತ್ತಿದ್ದಳು, ಬೇಕಾದ ಕಡೆಗೆ ನಮ್ಮ ಕಿರುಬೆರಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ನಾನಂತೂ ಅವಳು ಎಳೆಯುವ ಮೊದಲೇ ಎದ್ದು ನಿಂತಿರುತ್ತಿದ್ದೆ. ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದ ಕಸುಬು. ಮಳೆ ಜಾಸ್ತಿಯಾದರೆ ಮೆಣಸಿನ ಬಳ್ಳಿಯ ಬೇರು ಕೊಳೆಯುತ್ತದೆ ಎಂದು, ಕಡಿಮೆಯಾದರೆ ಬಳ್ಳಿ ಒಣಗುತ್ತದೆ ಎಂದು, ಹದವಾಗಿ ಬಂದರೆ ಇದೇನಪ್ಪ ಇಷ್ಟು ಹದವಾಗಿ ಬರುತ್ತಿದೆ ಎಂದು. ಮಗಳು ಚೆನ್ನಾಗಿ ನಿದ್ದೆ ಮಾಡುತ್ತಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ. ಅವಳು ಎಚ್ಚರವಾಗಿ ಅಳುತ್ತಿದ್ದಳು. ಸದ್ಯ, ಉಸಿರಿದೆ ಎಂದು ನಾನು ಮಲಗುತ್ತಿದ್ದೆ. ಹೆಂಡತಿ ಎದ್ದು ತಟ್ಟಿ ಮಲಗಿಸುತ್ತಿದ್ದಳು.

ಮಾನಂದವಾಡಿಯ ಒಂದು ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ಮಕ್ಕಳಿಗೆ ಮಾತು ಕಲಿಸುವವರು ಬರುತ್ತಾರೆ ಎಂದು ಯಾರೋ ಹೇಳಿದರು. ಸ್ಪೀಚ್ ಥೆರಪಿಸ್ಟ್ ಎಂಬ ಹೆಸರು ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ. ಎಲ್ಲರೂ ಟೀಚರ್ ಎನ್ನುತ್ತಿದ್ದರು, ನಾವೂ ಟೀಚರ್ ಎಂದೆವು. ಕರ್ನಾಟಕದ ಗಡಿಯಲ್ಲಿರುವ ನಮ್ಮೂರು ಮರಕ್ಕಡವಿನಿಂದ ಪುಲ್ಪಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮಾನಂದವಾಡಿಗೆ ಇನ್ನೊಂದು. ಮೊದಲ ಸಲ ಹೋದಾಗ ಫೆಬ್ರವರಿ ಕೊನೆ. ಟೀಚರ್‌ಗೆ ಮೂವತ್ತರ ಆಸುಪಾಸು. ಕುರ್ಚಿ ಇದ್ದರೂ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಸುತ್ತ ಒಂದು ಕನ್ನಡಿ, ಹತ್ತಿಯ ಉಂಡೆಗಳು, ಚಿತ್ರದ ಕಾರ್ಡುಗಳು, ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಬಿಸ್ಕತ್ತು. ಮಗಳ ಹೆಸರು, ವಯಸ್ಸು ಬರೆದುಕೊಂಡು ನನ್ನನ್ನು ಕೇಳಿದರು:

“ವೀಟ್ಟಿಲ್ ಏದು ಭಾಷೆಯಾ?”

ಮನೆಯಲ್ಲಿ ಯಾವ ಭಾಷೆ. ಇಷ್ಟೇ ಪ್ರಶ್ನೆ. ನಾನು ಥಟ್ಟನೆ “ಮಲಯಾಳಂ” ಎಂದೆ.

ಪಕ್ಕದಲ್ಲಿ ಹೆಂಡತಿ ತಲೆ ತಿರುಗಿಸಿ ನನ್ನನ್ನು ನೋಡಿದ್ದು ಕಣ್ಣಂಚಿನಲ್ಲೇ ಕಾಣಿಸಿತು. ನಾನು ಗೋಡೆಯ ಮೇಲಿನ ಪೋಲಿಯೊ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಯಾಕೆ ಹಾಗೆಂದೆ ಎಂದು ಇಂದಿನವರಿಗೆ ಹೇಳಬೇಕಾಗುತ್ತದೆ. ಅದು ಭೂಮಿಯ ಗಲಾಟೆಯ ಕಾಲ. ಕಾಡಿನ ಜನ ತಮ್ಮ ನೆಲ ತಮಗೆ ಬೇಕೆಂದು ಕಾಡೊಳಗೆ ಹೋಗಿ ಗುಡಿಸಲು ಹಾಕುತ್ತಿದ್ದರು. ಬಸ್ ಸ್ಟಾಪಿನ ಗೋಡೆಗಳ ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪು ಅಕ್ಷರದ ಪೋಸ್ಟರುಗಳು ಮೂಡುತ್ತಿದ್ದವು, ಮಧ್ಯಾಹ್ನದೊಳಗೆ ಪೊಲೀಸರು ಹರಿದು ಹಾಕುತ್ತಿದ್ದರು. ನಕ್ಸಲರು ಕರ್ನಾಟಕದ ಕಡೆಯಿಂದ ಬರುತ್ತಾರೆ ಎಂದು ಈ ಕಡೆಯವರು, ಈ ಕಡೆಯಿಂದ ಬರುತ್ತಾರೆ ಎಂದು ಆ ಕಡೆಯವರು. ಚಹಾದಂಗಡಿಯಲ್ಲಿ ಕೂತರೂ ಯಾರು ಯಾವ ಕಾಲದಲ್ಲಿ ಎಲ್ಲಿಂದ ಬಂದವರು ಎಂಬುದೇ ಮಾತು. ನನ್ನ ಮುತ್ತಜ್ಜ ಕಬಿನಿ ದಾಟಿ ಬಂದು ಗದ್ದೆ ಮಾಡಿದವನು. ಅವನು ದಾಟಿದ ಹೊಳೆ ನಮ್ಮ ಗದ್ದೆಯ ಬದುವಿನಿಂದ ಕಾಣುತ್ತದೆ. ಅಷ್ಟೇ ದೂರದ ವಲಸೆ. ಆದರೂ ಸರ್ಕಾರಿ ಮೇಜಿನ ಮುಂದೆ ನಿಂತು ಭಾಷೆ ಯಾವುದು ಎಂದರೆ ನಮ್ಮವರ ಬಾಯಲ್ಲಿ ಮಲಯಾಳಂ ಎಂದೇ ಬರುತ್ತಿತ್ತು. ರೇಷನ್ ಕಾರ್ಡಿಗೂ ಹಾಗೆ, ಜನಗಣತಿಗೂ ಹಾಗೆ. ಕನ್ನಡ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಮುಂದಿನ ಪ್ರಶ್ನೆಗೆ ಕಾಗದ ಬೇಕಾಗುತ್ತದೆ ಎಂಬ ಹೆದರಿಕೆ. ಚಾಪೆಯ ಮೇಲೆ ಕೂತ ಈ ಹೆಣ್ಣುಮಗಳು ಸರ್ಕಾರವಲ್ಲ ಎಂದು ನನ್ನ ನಾಲಿಗೆಗೆ ಹೊಳೆಯಲಿಲ್ಲ.

ಟೀಚರ್ ಅವತ್ತು ಮಗಳನ್ನು ಒಂದು ಗಂಟೆ ನೋಡಿದರು. ಕಿವಿ ಸರಿ ಇದೆ ಎಂಬ ಚೀಟಿ ನಾವು ತಂದಿದ್ದೆವು. ಹತ್ತಿಯನ್ನು ಊದಿಸಿದರು, ಕನ್ನಡಿಯ ಮುಂದೆ ತುಟಿ ಕೂಡಿಸಿ ‘ಮ’ ಮಾಡಿ ತೋರಿಸಿದರು. ಕೊನೆಗೆ ಹೇಳಿದ್ದು ಇದು. ಅವರ ಮಲಯಾಳವನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಗು ಚುರುಕಾಗಿದೆ. ಮಾತು ಮಾತ್ರ ತಡ. ಮನೆಯಲ್ಲಿ ನೀವು ಹೇಗೆ ಮಾತಾಡ್ತೀರೋ ಹಾಗೇ ಅವಳ ಜೊತೆ ಇಡೀ ದಿನ ಮಾತಾಡಿ. ಅಕ್ಕಿ ತೊಳೀತಿದ್ರೆ ಅಕ್ಕಿ ತೊಳೀತಿದೀನಿ ಅನ್ನಿ. ಏನಾದ್ರೂ ಕೇಳಿದ್ಮೇಲೆ ಉತ್ತರಕ್ಕೆ ಕಾಯಿರಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಮೇ ಕೊನೆವರೆಗೆ ನೋಡೋಣ. ಅಷ್ಟರಲ್ಲಿ ಒಂದು ಮಾತೂ ಬರಲಿಲ್ಲ ಅಂದ್ರೆ ಕೋಯಿಕ್ಕೋಡಿನ ಕೇಂದ್ರಕ್ಕೆ ಬರೆದುಕೊಡ್ತೀನಿ. ಜೂನಿನಲ್ಲಿ ಹೊಸ ಮಕ್ಕಳನ್ನ ತಗೋತಾರೆ. ತಾಯಿ, ಮಗು ಇಬ್ಬರೂ ಅಲ್ಲೇ ಆರು ತಿಂಗಳು ಇರಬೇಕು.”

ಆರು ತಿಂಗಳು. ಬಸ್ಸಿನಲ್ಲಿ ಬರುವಾಗ ಹೆಂಡತಿ ಮಗಳನ್ನು ಅವುಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಆ ಆರು ತಿಂಗಳಲ್ಲಿ ಏನೇನಾಗಬಹುದೆಂದು ಯೋಚಿಸಿ ಪುಲ್ಪಳ್ಳಿ ತಲುಪುವಷ್ಟರಲ್ಲಿ ಇಬ್ಬರನ್ನೂ ಕೋಯಿಕ್ಕೋಡಿನ ಸಮುದ್ರದಲ್ಲಿ ಮುಳುಗಿಸಿ ಆಗಿತ್ತು.

ಮನೆಗೆ ಬಂದವನೇ ಘೋಷಿಸಿದೆ: ಇವತ್ತಿನಿಂದ ಈ ಮನೆಯಲ್ಲಿ ಮಲಯಾಳ ಬಿಟ್ಟು ಬೇರೆ ಮಾತಿಲ್ಲ.

ನನಗೆ ಅದರಲ್ಲಿ ಒಂದು ತರ್ಕ ಕಂಡಿತ್ತು. ಟೀಚರ್ ಮಲಯಾಳದ ಮನೆಗೆಂದು ಔಷಧಿ ಬರೆದಿದ್ದಾರೆ. ಔಷಧಿ ಬದಲಾಯಿಸಲು ಆಗುವುದಿಲ್ಲ, ಮನೆಯನ್ನು ಬದಲಾಯಿಸಬಹುದು.

ಅವ್ವ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ದನಕ್ಕೂ ಮಲೆಯಾಳದಾಗೇ ಹೇಳ್ಬೇಕೇನ್ಲಾ ಮಗಾ?”

“ದನಕ್ಕೆ ಬೇಡವ್ವ.”

“ಅಂಗಾರೆ ಸರಿ. ಅವಾದ್ರೂ ಬದುಕ್ಕಳ್ಳಿ.”

ಹೆಂಡತಿ ಕೇಳಿದಳು, “ಜಗಳ ಬಂದ್ರೆ ಯಾವ ಭಾಷೇಲಿ ಆಡೋದು?”

“ಮಲಯಾಳದಲ್ಲೇ.”

“ನನಗೆ ಅದರಲ್ಲಿ ಬೈಗುಳವೇ ಗೊತ್ತಿಲ್ಲವಲ್ಲ. ನಿಮ್ಮ ಯೋಗ ಬಿಡಿ.”

ಹಾಗೆ ಶುರುವಾಯಿತು. ನನ್ನ ಮಲಯಾಳ ಚೆನ್ನಾಗಿಯೇ ಇದೆ ಎಂದು ಆವರೆಗೆ ನನಗೆ ಹೆಮ್ಮೆಯಿತ್ತು. ಪೇಟೆಯಲ್ಲಿ ಮೆಣಸು ಮಾರಿದ್ದೇನೆ, ವಿಲೇಜ್ ಆಫೀಸಿನಲ್ಲಿ ವಾದ ಮಾಡಿದ್ದೇನೆ. ಆದರೆ ಮೂರೂವರೆ ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಗೊತ್ತಾಯಿತು, ನನ್ನ ಮಲಯಾಳ ಹುಟ್ಟುವಾಗಲೇ ಮೀಸೆ ಹೊತ್ತುಕೊಂಡು ಬಂದದ್ದು; ಅದಕ್ಕೆ ಹಾಲುಹಲ್ಲು ಯಾವತ್ತೂ ಇರಲಿಲ್ಲ. ಸರ್ವೆ ನಂಬರಿಗೆ ಏನೆನ್ನುತ್ತಾರೆ, ಅರ್ಜಿಯ ಕೊನೆಗೆ ಏನು ಬರೆಯುತ್ತಾರೆ ಎಲ್ಲ ಗೊತ್ತು. ಕಚಗುಳಿ ಇಡುವಾಗ ಏನೆನ್ನುತ್ತಾರೆ? ಬಿದ್ದ ಮಗುವನ್ನು ಎತ್ತಿಕೊಂಡು ನೆಲಕ್ಕೆ ಹೊಡೆಯುವಾಗ ನೆಲವನ್ನು ಏನೆಂದು ಬೈಯುತ್ತಾರೆ? ಒಂದೂ ಗೊತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕರೆಯುವಾಗ ನನ್ನ ಬಾಯಿಂದ “ದಯವಾಯಿ ಇವಿಡೆ ಇರಿಕ್ಕುಗ” ಎಂದು ಬಂದುಬಿಟ್ಟಿತು. ದಯವಿಟ್ಟು ಇಲ್ಲಿ ಕುಳಿತುಕೊಳ್ಳಿ ಎಂದು ಆಫೀಸಿನ ಬೆಂಚಿನ ಮೇಲೆ ಬರೆದಿರುತ್ತದಲ್ಲ, ಅದು. ಮಗಳು ನನ್ನನ್ನು ವಿಲೇಜ್ ಆಫೀಸರನ್ನು ನೋಡುವ ಹಾಗೆ ನೋಡಿದಳು.

ಹೆಂಡತಿ ದಿನಕ್ಕೆ ಹತ್ತು ಮಾತಿಗೆ ಇಳಿದಳು. ಅವ್ವನದಂತೂ ಪೂರ್ತಿ ನಿಂತಿತು. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ಒಂದು ಸಂಜೆ ಕೊಟ್ಟಿಗೆಯ ಗೋಡೆಯಾಚೆ ನಿಂತಿದ್ದಾಗ ಅವಳು ಕರುವಿನ ಕತ್ತು ತುರಿಸುತ್ತಾ ಹೇಳುವುದು ಕೇಳಿಸಿತು. “ನನ್ ಬಾಯಿಂದ ಆ ಕೂಸಿಗೆ ತಡ ಆಯ್ತದಂತೆ ಕಣೇ. ಕೋಯಿಕ್ಕೋಡಿಗೆ ಕಳಿಸ್ಬಿಡ್ತಾರಂತೆ. ಅದ್ಕೇ ನಾನು ಬಾಯಿ ಬಿಡಾಕಿಲ್ಲ.” ನಾನು ಹಾಗೇ ಹಿಂದಕ್ಕೆ ಬಂದೆ. ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಒಂದು ಮಗುವಿಗೆ ಮಾತು ಬರಿಸಲು ಮನೆಯವರನ್ನೆಲ್ಲ ಮೂಕರನ್ನಾಗಿ ಮಾಡಿದ ಕೀರ್ತಿ ನನ್ನದು. ಅದನ್ನು ಇನ್ನೂ ಸ್ವಲ್ಪ ದಿನ ಅನುಭವಿಸುವುದಿತ್ತು.

ಬುದ್ಧಿ ಹೇಳಿದವಳು ಇನ್ನೊಬ್ಬಳು. ಅಂಗಳದಲ್ಲಿ ಮೆಣಸು ಹರವಲು ಕಾಡಿನ ಜನರ ಹಾಡಿಯಿಂದ ಒಬ್ಬಾಕೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾಲಿಗೆ ಹತ್ತು ಪಟ್ಟು ಚೂಪು. ಅವರ ಮಾತು ಕನ್ನಡಕ್ಕೆ ಹತ್ತಿರ. ಹಾಡಿಯ ಅರ್ಧ ಜನ ಕಾಡಿನಲ್ಲಿ ಗುಡಿಸಲು ಹಾಕಲು ಹೊರಟಿದ್ದರು, ಅವಳೂ ಮಾರನೆಯ ದಿನ ಹೋಗುವವಳು. ನಾನು ಮಗಳಿಗೆ ಮೆಣಸು ತೋರಿಸಿ “ಕುರುಮುಳಗು, ಕುರುಮುಳಗು” ಎನ್ನುತ್ತಿದ್ದುದನ್ನು ಬೆಳಗಿನಿಂದ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

“ಏನ್ ಗೌಡ್ರೇ, ಮನೆಯೆಲ್ಲ ಆಪೀಸು ಮಾಡ್ಬುಟ್ಟಿದ್ದೀರಿ?”

ನಾನು ಟೀಚರು, ಕೋಯಿಕ್ಕೋಡು ಎಂದೆಲ್ಲ ವಿವರಿಸಿದೆ. ಅವಳು ಮೆಣಸನ್ನು ಕಾಲಿನಿಂದ ಸಾಲು ತಿರುವುತ್ತಲೇ ಕೇಳಿಸಿಕೊಂಡಳು.

“ನಾವು ಪೊಲೀಸ್ನೋರ ಮುಂದೆ ಪೋಗಿ ಇದು ನಮ್ಮ ಮಣ್ಣು ಅಂತ ಒದರಾಕೆ ಒಂಟಿದ್ದೀವಿ. ನೀವು ನಿಮ್ಮ ಅಡುಗೆಮನೇಲಿ ನಿಮ್ಮ ಮಾತಾಡಾಕೆ ಎದರ್ತೀರಲ್ಲ, ತೂ!”

ತೂ ಎಂದದ್ದು ಮೆಣಸಿನ ಧೂಳಿಗೂ ಇರಬಹುದು. ನಾನು ಹಾಗೇ ಅಂದುಕೊಂಡೆ.

ಏಪ್ರಿಲ್ ಕಳೆಯಿತು. ಪ್ರತಿ ಸಲವೂ ಟೀಚರ್ ಹಾಲಿನ ಲೋಟ ಹಿಡಿದು “ಪಾಲ್” ಎಂದು ಕಾಯುತ್ತಿದ್ದರು, ಮಗಳು ಲೋಟ ನೋಡುತ್ತಿದ್ದಳು, ನಾನು ಮನಸ್ಸಿನಲ್ಲಿ ಎಣಿಸುತ್ತಾ ಮೂರಕ್ಕೆ ಬರುವಷ್ಟರಲ್ಲಿ ತಡೆಯಲಾರದೆ “ಪಾಲ್, ಪಾಲ್” ಎಂದು ಲೋಟ ಕೊಟ್ಟೇಬಿಡುತ್ತಿದ್ದೆ. ಟೀಚರ್ ಹಣೆ ಒತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ಮಗಳು ಮಾಡಿದ ಸದ್ದುಗಳನ್ನು ವೇಳೆಯ ಸಮೇತ ಬರೆದಿಡಬೇಕೆಂದು ಹೇಳಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬಿಡದೆ ಬರೆಯುತ್ತಿದ್ದೆ. ಕನ್ನಡದಲ್ಲಿ. ನಾನು ಓದಿದ್ದು ಹೊಳೆಯಾಚೆಯ ಶಾಲೆಯಲ್ಲಿ. ಮಲಯಾಳ ಬರೆಯಲು ಹೋದರೆ ನನ್ನ ಅಕ್ಷರ ನನಗೇ ತಿಳಿಯದು. ಟೀಚರ್ ಮುಂದೆ ಅದನ್ನು ಕೆಳಗೆ ಹಿಡಿದುಕೊಂಡು ಓದಿ ಹೇಳುತ್ತಿದ್ದೆ.

ಮೇ ತಿಂಗಳ ಮಧ್ಯದಲ್ಲಿ ಹೊರಟಾಗ ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು. ಆಗ ಅದು ದಿನನಿತ್ಯದ ಮಾತು. ಎಳೆಯ ಕಾನ್‌ಸ್ಟೇಬಲ್ ಒಬ್ಬ ಹತ್ತಿ ಚೀಲಗಳನ್ನು ನೋಡುತ್ತಾ ಬಂದ. ಚಿಂತೆ ಮಾಡುವವನ ಮುಖ ಪೊಲೀಸರಿಗೆ ದೂರದಿಂದಲೇ ಗೊತ್ತಾಗುತ್ತದೆ. ನೇರ ನನ್ನ ಹತ್ತಿರ ಬಂದು ಚೀಲ ತೆಗೆಸಿದ. ಒಂದು ಪೀಪಿ, ಒಂದು ಮುಖ ನೋಡುವ ಕನ್ನಡಿ, ಹತ್ತಿ, ಆ ನೋಟ್‌ಬುಕ್ಕು. ಬಿಡಿಸಿದ. ಪುಟದ ತುಂಬ ಗಂಟೆ, ನಿಮಿಷ, ಗೀಟು, ಅವನಿಗೆ ಓದಲು ಬಾರದ ಅಕ್ಷರ.

“ಇದೇನು ಬರೆದಿರೋದು? ಓದು.”

ಇದ್ದದ್ದನ್ನು ಇದ್ದ ಹಾಗೆ ಮಲಯಾಳ ಮಾಡಿ ಓದಿದೆ. “ಮಂಗಳವಾರ ಏಳು ಹತ್ತು, ಹೊಳೆ ಕಡೆ ಕೈ ತೋರಿಸಿ ಬ್ರ್ ಬ್ರ್, ಮೂರು ಸಲ. ಸಂಜೆ ಐದು, ಪೊಲೀಸ್ ಜೀಪು ಹೋಗುವಾಗ ಡುರ್, ಒಂದು ಸಲ.”

ಕಾನ್‌ಸ್ಟೇಬಲ್ ಕಿಟಕಿಯಿಂದ ತಲೆ ಹೊರಹಾಕಿ, “ಸಾರ್! ಜೀಪು ಹೋಗೋ ಟೈಮು ಬರ್ಕೊಂಡಿದಾನೆ!” ಎಂದ.

ದೊಡ್ಡ ಮೀಸೆಯ ಎಸ್ಸೈ ಬಂದು ನಿಂತರು. ಇದು ಯಾವ ಭಾಷೆ ಎಂದರು.

“ಕನ್ನಡ, ಸಾರ್.”

“ನೀನು ಕನ್ನಡದವನಾ?”

“ಹೌದು ಸಾರ್. ಮನೇಲಿ ಕನ್ನಡ. ನಮ್ಮಪ್ಪಂದೂ ಕನ್ನಡ, ತಾತಂದೂ ಕನ್ನಡ. ದನಗಳದ್ದೂ ಕನ್ನಡ ಸಾರ್.” ಯಾರೂ ಕೇಳದಿದ್ದರೂ ಮುತ್ತಜ್ಜ ಹೊಳೆ ದಾಟಿದ ಜಾಗವನ್ನೂ ಹೇಳಿದೆ.

ಹೆಂಡತಿ ಮಧ್ಯೆ ಬಾಯಿ ಹಾಕಿದಳು. “ಮಗುಗೆ ಮಾತು ಬಂದಿಲ್ಲ ಸಾರ್, ಅದು ಮಾಡಿದ ಸದ್ದು ಇವು,” ಎಂದು ಮಗಳ ಕಡೆ ತಿರುಗಿ ತುಟಿಯಲ್ಲಿ “ಬ್ರ್” ಎಂದಳು. ಮಗಳು ಎಸ್ಸೈಯವರ ಮೀಸೆಯನ್ನೇ ನೋಡುತ್ತಾ “ಬ್ರ್ ಬ್ರ್” ಎಂದಳು. ಜೊಲ್ಲು ಹಾರಿತು. ಎಸ್ಸೈ ಒಂದು ಕ್ಷಣ ಗಂಭೀರವಾಗಿದ್ದು, ಆಮೇಲೆ ಬಗ್ಗಿ, “ಡುರ್ರ್” ಎಂದರು. ಇಬ್ಬರೂ ನಾಲ್ಕೈದು ಸಲ ಮಾತಾಡಿಕೊಂಡರು. ಇಡೀ ಬಸ್ಸು ನಕ್ಕಿತು. ನೋಟ್‌ಬುಕ್ಕು ವಾಪಸ್ಸು ಬಂತು.

ಬಸ್ಸು ಹೊರಟ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. ಮೂರು ತಿಂಗಳಲ್ಲಿ ಮೊದಲ ಸಲ ಪೂರ್ತಿ ಕನ್ನಡದಲ್ಲಿ, ಪೂರ್ತಿ ಉಸಿರಿನಲ್ಲಿ.

“ಅಲ್ಲ ಕಣ್ರೀ, ಲಾಠಿ ಹಿಡಿದೋರ ಮುಂದೆ ಒಂದೇ ಏಟಿಗೆ ತಾತನವರೆಗೂ ಹೇಳಿದ್ರಿ. ಆ ಟೀಚರ್ ಕೈಯಲ್ಲಿ ಇರೋದು ಹತ್ತಿ ಉಂಡೆ. ಅವರಿಗೆ ಹೇಳಕ್ಕೆ ನಿಮಗೇನು ಬಂದಿತ್ತು? ಇವತ್ತು ನೀವು ಹೇಳ್ತೀರೋ, ನಾನು ಹೇಳ್ಲೋ?”

ನಾನು ಹೇಳುತ್ತೇನೆ ಎಂದೆ. ಚಾಪೆಯ ಮೇಲೆ ಕೂತು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಹೇಳಿ ಮುಗಿಸಿದ್ದಳು.

ಟೀಚರ್ ಒಂದೊಂದಾಗಿ ಕಾರ್ಡುಗಳನ್ನು ಎತ್ತಿ ಕೇಳಿದರು. ಇದಕ್ಕೆ ಮನೆಯಲ್ಲಿ ಏನಂತೀರಿ? ಹಾಲು. ಇದಕ್ಕೆ? ಬೆಕ್ಕು. ಇದಕ್ಕೆ? ನೀರು. ಹೇಳಿದ್ದನ್ನೆಲ್ಲ ಕಾರ್ಡಿನ ಹಿಂದೆ ಮಲಯಾಳ ಅಕ್ಷರದಲ್ಲಿ ಬರೆದುಕೊಂಡರು. ಬರೆದು ಮುಗಿಸಿ ನನ್ನನ್ನು ನೋಡಿದರು.

“ಎರಡು ಭಾಷೆಯಿಂದ ಯಾವ ಮಗುವೂ ಕೆಡೋಲ್ಲ, ಚೇಟ್ಟಾ,” ಎಂದರು, ಅಣ್ಣನನ್ನು ಕರೆಯುವ ಹಾಗೆ. “ಮನೆಯಲ್ಲಿ ಹೇಗೆ ಮಾತಾಡ್ತೀರೋ ಹಾಗೆ ಅಂತ ನಾನು ಹೇಳಿದ್ದೆ. ನೀವು ಮಾತನ್ನೇ ನಿಲ್ಲಿಸಿದ್ದೀರಿ. ಮನೆಯಲ್ಲಿ ಜಾಸ್ತಿ ಮಾತಾಡೋರು ಯಾರು?”

“ಅವ್ವ,” ಎಂದೆವು ಇಬ್ಬರೂ ಒಟ್ಟಿಗೆ.

“ಮುಂದಿನ ಸಲ ಅವರನ್ನ ಕರ್ಕೊಂಡು ಬನ್ನಿ. ಮೇ ತಿಂಗಳಲ್ಲಿ ಅದೇ ಕೊನೇ ದಿನ. ಕೋಯಿಕ್ಕೋಡಿನ ಕಾಗದ ಅವತ್ತು ತೀರ್ಮಾನ ಮಾಡಲೇಬೇಕು.”

ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ನನ್ನನ್ನು ಕಾಲು ಗಂಟೆ ಬೈದಳು. ಮೂರು ತಿಂಗಳ ಬಾಕಿ ಕನ್ನಡ ಒಟ್ಟಿಗೆ ಹೊರಬಂದಿತು. ಮಗಳು ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದಳು, ಯಾರೋ ನಿಂತುಹೋದ ರೇಡಿಯೊ ಸರಿಮಾಡಿದ ಹಾಗೆ. ಆ ಹದಿನೈದು ದಿನ ಅವ್ವ ಎಚ್ಚರವಿದ್ದಷ್ಟು ಹೊತ್ತೂ ಮಾತಾಡಿದಳು. ಮಗಳ ಸದ್ದುಗಳು ಹೆಚ್ಚಿದವು, ಉದ್ದವಾದವು, ಏರಿಳಿದವು. ಆದರೆ ಮಾತು ಅನ್ನಬಹುದಾದದ್ದು ಒಂದೂ ಇಲ್ಲ. ನಾನು ಕೋಯಿಕ್ಕೋಡಿನ ಬಸ್ಸಿನ ವೇಳೆಯನ್ನು ಮೂರು ಕಡೆ ವಿಚಾರಿಸಿ ಇಟ್ಟೆ.

ಆ ಕೊನೆಯ ದಿನ ಅವ್ವ ಎಲೆಯಡಿಕೆಯ ಚೀಲ, ಪುಟ್ಟ ಹಿತ್ತಾಳೆ ಕುಟ್ಟಾಣಿ ಸಮೇತ ಬಂದಳು. ಹಲ್ಲು ಹೋದ ಮೇಲೆ ಅವಳು ಎಲೆಯಡಿಕೆಯನ್ನು ಅದರಲ್ಲಿ ಕುಟ್ಟಿಯೇ ಬಾಯಿಗೆ ಹಾಕುವುದು. ಆಸ್ಪತ್ರೆಯಲ್ಲಿ ಅದನ್ನೆಲ್ಲ ತೆಗೆಯಬೇಡ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಚಾಪೆಯ ಮೇಲೆ ಕೂತವಳೇ ಮೊದಲು ತೆಗೆದದ್ದು ಅದನ್ನು. ನಾನು ಎದ್ದೆ. ಟೀಚರ್ ಕೈ ತೋರಿಸಿ ಕೂರಿಸಿದರು.

“ಅವರು ಮನೇಲಿ ಹೇಗಿರ್ತಾರೋ ಹಾಗೇ ಇರಲಿ. ನೀವಿಬ್ಬರೂ ಬಾಯಿ ಬಿಡಬಾರದು.”

ಅವ್ವ ಕುಟ್ಟಿದಳು. ಟಣ್ ಟಣ್ ಸದ್ದಿಗೆ ಮಗಳು ಹತ್ತಿರ ಸರಿದಳು. ಅವ್ವ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಕುಟ್ಟಾಣಿಯನ್ನು ಮಗಳ ಮೂಗಿನ ಮುಂದೆ ಎತ್ತಿ ಹಿಡಿದಳು.

“ಏನ್ ಬೇಕವ್ವಾ, ಪುಟ್ಟಿ?”

ಎಂದವಳೇ ಜಗಿಯತೊಡಗಿದಳು. ಬಾಯಿ ತುಂಬ ರಸ ತುಂಬಿದಾಗ ಅವ್ವ ಮಾತಾಡುವುದಿಲ್ಲ, ಮಾತಾಡಲು ಆಗುವುದೂ ಇಲ್ಲ. ಕಣ್ಣು ಮಾತ್ರ ಮಗುವಿನ ಮೇಲೆ. ಕೇಳಿದ ಪ್ರಶ್ನೆ ಅಲ್ಲೇ ಗಾಳಿಯಲ್ಲಿ ನಿಂತಿರುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ ನೋಟ. ಅದು ಕಾಯುವುದು ಎಂದು ನನಗೆ ಹೊಳೆದೇ ಇರಲಿಲ್ಲ. ಟೀಚರ್ ಪೆನ್ನು ಕೆಳಗಿಟ್ಟು ಅವ್ವನನ್ನೇ ನೋಡುತ್ತಿದ್ದರು.

ನಾನು ಎಣಿಸಿದೆ. ಮೂರು. ನಾಲ್ಕು. ಮಗಳು ಕುಟ್ಟಾಣಿಗೆ ಕೈ ಚಾಚಿದಳು. ಅವ್ವ ಒಂದಿಷ್ಟೇ ಹಿಂದಕ್ಕೆ ಎಳೆದುಕೊಂಡು, ಹುಬ್ಬು ಏರಿಸಿ, ಜಗಿದಳು. ಆರು. ಮಗಳ ತುಟಿ ನಡುಗಿತು, ಈಗ ಅಳುತ್ತಾಳೆ ಎನಿಸಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ತೊಡೆಗೆ ಒತ್ತಿಕೊಂಡಳು. ಬಳೆಯ ಗುರುತು ಎರಡು ದಿನ ಇತ್ತು. ಎಂಟು. ಒಂಬತ್ತು. ಹತ್ತು. ಹತ್ತಾದ ಮೇಲೂ ಅವ್ವ ಜಗಿಯುತ್ತಲೇ ಇದ್ದಳು. ಹತ್ತರ ಮುಂದೆ ಏನು ಮಾಡಬೇಕೆಂದು ಟೀಚರ್ ನನಗೆ ಹೇಳಿರಲಿಲ್ಲ.

“ಕೊಡು,” ಎಂದಳು ಮಗಳು.

ಸ್ಪಷ್ಟವಾಗಿ. ಸ್ವಲ್ಪ ಸಿಟ್ಟಿನಿಂದಲೇ.

ಅವ್ವ ಕೊಟ್ಟಳು. ಕೊಟ್ಟು, ಅವಸರದಿಂದ ಎದ್ದು ಕಿಟಕಿಯ ಹೊರಗೆ ಉಗುಳಿ ಬಂದು, “ಕೊಡು ಅಂತಾಳೆ, ಕಳ್ಳಿ! ಅವರಪ್ಪನ ಮನೆ ಗಂಟಿನಂಗೆ!” ಎಂದು ಅವಳನ್ನು ಬಾಚಿ ತಬ್ಬಿಕೊಂಡಳು. ಟೀಚರ್ “ಎಂದಾ ಪರಞ್ಞೆ, ಎಂದಾ ಪರಞ್ಞೆ?” ಎಂದು ಕೇಳುತ್ತಿದ್ದರು. ಏನು ಹೇಳಿದಳೆಂದು ಹೇಳುವ ಸ್ಥಿತಿಯಲ್ಲಿ ನಾವಿಬ್ಬರೂ ಇರಲಿಲ್ಲ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು, ಒಂದು ಮಾತು ಬಂತು ಸರಿ, ಇನ್ನೊಂದು ಬರದಿದ್ದರೆ ಎಂದು ಆಗಲೇ ಯೋಚಿಸತೊಡಗಿದ್ದೆ.

ಟೀಚರ್ ಕೋಯಿಕ್ಕೋಡಿಗೆ ಬರೆಯಲಿಲ್ಲ. ಇನ್ನೂ ಕೆಲಸ ಬೇಕಾದಷ್ಟಿದೆ, ಆದರೆ ಅದನ್ನು ಇಲ್ಲೇ ಮಾಡಬಹುದು ಎಂದರು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರಬೇಕು, ಅಜ್ಜಿಯೂ ಬರಬೇಕು, ಕುಟ್ಟಾಣಿಯೂ ಬರಬೇಕು. ಕಿಟಕಿಯ ಹೊರಗೆ ಮಾತ್ರ ಉಗುಳಬಾರದು, ಅದಕ್ಕೆಂದು ಒಂದು ಡಬ್ಬಿ ಇಡುತ್ತೇನೆ. ಆಮೇಲೆ ನನ್ನ ಕಡೆ ತಿರುಗಿದರು. “ಚೇಟ್ಟನ್ ಬೇಕಾದ್ರೆ ಹೊರಗೆ ಬೆಂಚಿನ ಮೇಲೆ ಕೂತಿರಬಹುದು.”

ಜೂನಿನಲ್ಲಿ ಮಳೆ ಹಿಡಿದ ಮೇಲೆ ನನ್ನ ಜಾಗ ಆ ಬೆಂಚೇ ಆಯಿತು. ಒಳಗೆ ಅವ್ವ ಕನ್ನಡದಲ್ಲಿ ಏನೋ ಹೇಳುವುದು, ಟೀಚರ್ ಅದನ್ನು ತಪ್ಪು ತಪ್ಪಾಗಿ ಹೇಳುವುದು, ಹೆಂಡತಿ ನಗುವುದು ಎಲ್ಲ ಬಾಗಿಲಿನ ಸಂದಿಯಿಂದ ಕೇಳಿಸುತ್ತಿತ್ತು. ನಡುನಡುವೆ ಎಲ್ಲ ನಿಶ್ಶಬ್ದವಾಗುತ್ತಿತ್ತು. ಆಗ ನಾನು ಎಣಿಸತೊಡಗುತ್ತಿದ್ದೆ. ಒಳಗಿನಿಂದ “ಕೊಡೂ!” ಎಂದು ಕೂಗು ಬಂದ ಕೂಡಲೇ ನಾನು ಎದ್ದು ನಿಂತಿರುತ್ತಿದ್ದೆ, ಕೈಯಲ್ಲಿ ಕೊಡಲು ಕೊಡೆಯೊಂದು ಬಿಟ್ಟರೆ ಬೇರೇನೂ ಇಲ್ಲದೆ. ಪಕ್ಕದಲ್ಲಿ ಕೂತವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ನಾನು ಮತ್ತೆ ಕೂರುತ್ತಿದ್ದೆ.